ಬಾಯಿ ಮುಚ್ಚಿ ತಂದ ಹಾಡು

ಆಗ ನನಗೆ ಹನ್ನೆರಡು ವರ್ಷ. ಅದಾಗಿ ಅರವತ್ತು ವರ್ಷವಾಯಿತು. ಹೋದ ತಿಂಗಳು ನವನಗರದಲ್ಲಿ ಮೊಮ್ಮಗಳ ಮನೆಯ ಹಿತ್ತಲ ಕಟ್ಟೆಯ ಮೇಲೆ ಕುಳಿತು ಹಿತ್ತಾಳೆಯ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಹುಣಸೆ ಹತ್ತಿದ ಹಿತ್ತಾಳೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಪೂರಾ ಹುಳಿಯೂ ಅಲ್ಲ, ಕಹಿಯೂ ಅಲ್ಲ, ಕೈ ಎಷ್ಟು ತೊಳೆದರೂ ಊಟದ ಹೊತ್ತಿಗೆ ಬೆರಳಿನಲ್ಲೇ ಉಳಿದಿರುತ್ತದೆ. ನಾನು ಹುಟ್ಟಿ ಬೆಳೆದ ಮನೆಯ ವಾಸನೆ ಅದು. ಅಷ್ಟರಲ್ಲಿ ಒಳಗೆ ಮೊಮ್ಮಗಳು ಫೋನಿನಲ್ಲಿ ಯಾವುದೋ ಹಳೆಯ ಇಂಗ್ಲಿಷ್ ಹಾಡು ಹಚ್ಚಿದಳು. ಎರಡನೇ ಸಾಲಿಗೇ ಗುರುತು ಸಿಕ್ಕಿತು. ನನ್ನ ಕೈ ನಿಂತಿತು. ಆ ಹಾಡು ಮುಂದೆ ಒಂದು ಕಡೆ ಸಿಕ್ಕಿಕೊಳ್ಳಬೇಕು, ಒಂದೇ ಮಾತನ್ನು ಮತ್ತೆ ಮತ್ತೆ ಆಡಬೇಕು, ಆಮೇಲೆ ಕಚಕ್ ಎಂದು ಹಾರಿ ಮುಂದೆ ಬೀಳಬೇಕು. ಆ ಜಾಗಕ್ಕೆ ಕಾದೆ. ಹಾಡು ಎಲ್ಲಿಯೂ ಸಿಕ್ಕಿಕೊಳ್ಳದೆ ಸರಾಗವಾಗಿ ದಾಟಿ ಹೋಯಿತು. ಇನ್ನೊಂದು ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟಾಗ ಅದು ಇರದಿದ್ದರೆ ಮೈ ಜುಮ್ಮೆನ್ನುತ್ತದಲ್ಲ, ಹಾಗಾಯಿತು. ಈ ವಯಸ್ಸಿನಲ್ಲಿಯೂ ಮುಖ ಬಿಸಿಯಾಯಿತು. ಮೊಮ್ಮಗಳು ಬಂದು ಯಾಕಜ್ಜಿ ಎಂದು ಕೇಳಿದಳು, ಬಿಸಿಲು ಎಂದೆ. ಬಾಯಿಂದ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನವು ಮದುವೆಯಾದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಒತ್ತು ದೀರ್ಘ ಅವಳು ತಿದ್ದಿಕೊಳ್ಳಲಿ.

ನಮ್ಮದು ಬ್ಯಾಂಡಿನ ಮನೆ. ಕಮರಿಪೇಟೆಯ ಹಿಂದಿನ ಓಣಿಯೊಂದರಲ್ಲಿ ಉದ್ದನೆಯ ಒಂದೇ ಪಡಸಾಲೆ, ಅದರ ತುದಿಗೆ ಅಡುಗೆ ಒಲೆ. ಅಜ್ಜ ಹಳ್ಳಿಯಲ್ಲಿ ಸನಾದಿ ಊದುತ್ತಿದ್ದನಂತೆ, ಗುಡಿಯ ಮುಂದೆ, ಮದುವೆ ಮನೆಯ ಮುಂದೆ, ಎಲ್ಲ ಕಡೆಯೂ ಮುಂದೆಯೇ, ಒಳಗೆ ಕಾಲಿಟ್ಟವನಲ್ಲ. ಅಪ್ಪ ಹುಬ್ಬಳ್ಳಿಗೆ ಬಂದು ಸನಾದಿ ಬಿಟ್ಟು ಕ್ಲಾರಿನೆಟ್ ಹಿಡಿದ, ನಮ್ಮ ಮಂದಿಯನ್ನೇ ಕೂಡಿಸಿ ಮದುವೆಯ ಬ್ಯಾಂಡ್ ಕಟ್ಟಿದ. ಗೋಡೆಯ ಗೂಟಗಳಿಗೆ ತುತ್ತೂರಿಗಳು ನೇತಾಡುತ್ತಿದ್ದವು, ಹಗ್ಗದ ಮೇಲೆ ಜರಿಪಟ್ಟಿಯ ಕೆಂಪು ಕೋಟುಗಳು ಬೆವರಿನ ಬಿಳಿ ಗೆರೆ ಹೊತ್ತು ಒಣಗುತ್ತಿದ್ದವು. ಮದುವೆಯ ದಿನ ಬೆಳಗ್ಗೆ ಹುಣಸೆಹಣ್ಣು ಕಿವುಚಿ ಹಿತ್ತಾಳೆಯನ್ನೆಲ್ಲ ತಿಕ್ಕುವುದು ನನ್ನ ಮತ್ತು ಆಯಿಯ ಕೆಲಸ. ಆಯಿ ಎಂದರೆ ಅಪ್ಪನ ತಾಯಿ; ಬಾಯಲ್ಲಿ ಹಲ್ಲಿರಲಿಲ್ಲ, ಅಡಿಕೆಯನ್ನು ಕುಟ್ಟಿಕೊಂಡು ತಿನ್ನುತ್ತಿದ್ದಳು, ಗಂಡನ ಸನಾದಿಯನ್ನು ನಲವತ್ತು ವರ್ಷ ಕೇಳಿದವಳು, ಅವಳ ಕಿವಿಗೆ ಸುಮಾರಾದದ್ದು ಯಾವುದೂ ಸೇರುತ್ತಿರಲಿಲ್ಲ. ದೊಡ್ಡ ಡ್ರಮ್ಮು, ಸಣ್ಣ ಡ್ರಮ್ಮು ಎರಡೂ ಅಪ್ಪನ ತಮ್ಮ ಭರಮ ಕಾಕಾನ ಜವಾಬುದಾರಿ. ಸುಮ್ಮನೆ ಕೂತರೆ ಕಾಕಾನ ಬೆರಳು ತಾಟಿನ ಮೇಲೆ, ಹಲಗೆಯ ಮೇಲೆ, ನನ್ನ ತಲೆಯ ಮೇಲೆ ಬಾರಿಸುತ್ತಿದ್ದವು. ಅವ್ವ ಹತ್ತಿ ಬಿಡಿಸುವ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬರುವಾಗ ಅವಳ ಹುಬ್ಬು ರೆಪ್ಪೆಯೆಲ್ಲ ಹತ್ತಿಯ ಧೂಳು ಕೂತು ಮುದುಕಿಯಂತೆ ಕಾಣುತ್ತಿದ್ದಳು. ಮುಖ ತೊಳೆದ ಮೇಲೆ ಮತ್ತೆ ನಮ್ಮವ್ವ ಆಗುತ್ತಿದ್ದಳು. ಕೆಮ್ಮು ಮಾತ್ರ ತೊಳೆದರೆ ಹೋಗುತ್ತಿರಲಿಲ್ಲ.

ನನ್ನ ಕೆಲಸ ಹಾಡು ತರುವುದು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಗ್ರಾಮಫೋನ್ ಇರಲಿಲ್ಲ, ಸ್ವರ ಬರೆದು ಓದುವುದು ಯಾರಿಗೂ ಬರುತ್ತಿರಲಿಲ್ಲ. ಮದುವೆ ಮಾಡುವವರು ಮಾತ್ರ ಹೊಸ ಹಾಡೇ ಬೇಕು ಎನ್ನುತ್ತಿದ್ದರು. ಓಣಿಯ ಕೊನೆಯಲ್ಲಿ ಒಂದು ಚಹಾದ ಹೋಟೆಲಿತ್ತು, ಅಲ್ಲಿ ಮುಂಜಾನೆ ಸಿಲೋನ್ ಸ್ಟೇಷನ್ ಹಚ್ಚುತ್ತಿದ್ದರು. ಗಂಡಸರು ಚಹಾ ಕುಡಿಯದೆ ಅಲ್ಲಿ ನಿಲ್ಲುವಂತಿಲ್ಲ. ಹುಡುಗಿಯನ್ನು ಯಾರು ಕೇಳುತ್ತಾರೆ? ನಾನು ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತು ಕೇಳುತ್ತಿದ್ದೆ. ಹಾಡು ಮುಗಿದ ಕೂಡಲೇ ಬಾಯಿ ಮುಚ್ಚಬೇಕು. ಮನೆ ಮುಟ್ಟುವ ತನಕ ಯಾರೊಂದಿಗೂ ಒಂದು ಮಾತು ಆಡುವಂತಿಲ್ಲ. ಮಾತಾಡಿದರೆ ಧಾಟಿ ಚೆಲ್ಲುತ್ತದೆ ಎಂದು ಅಪ್ಪ ಹೇಳಿದ್ದ, ಅದು ಖರೆಯೂ ಆಗಿತ್ತು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ತಲೆ ಅಲ್ಲಾಡಿಸಿ ಓಡುತ್ತಿದ್ದೆ. ಓಣಿಯ ಹುಡುಗಿಯರು ನನಗೆ ಮೂಕಿ ಎಂದು ಹೆಸರಿಟ್ಟಿದ್ದರು. ಮನೆಗೆ ಬಂದು ಹೊಸ್ತಿಲ ಮೇಲೆ ನಿಂತು ಬಾಯಿ ಬಿಟ್ಟರೆ ಹಾಡು ತುಂಬಿದ ಕೊಡದಿಂದ ಬಿದ್ದಂತೆ ಬೀಳುತ್ತಿತ್ತು. ಶಬ್ದ ಬೇಡ, ಧಾಟಿ ಸಾಕು; ಲಾ ಲಾ ಎಂದು ಹಾಡಿದರೆ ಅಪ್ಪ ಕ್ಲಾರಿನೆಟ್ಟಿನಲ್ಲಿ ಅದನ್ನು ಹುಡುಕುತ್ತಿದ್ದ. ತಪ್ಪಿದಲ್ಲಿ ನಾನು ತಲೆ ಅಡ್ಡ ಆಡಿಸುತ್ತಿದ್ದೆ. ಹನ್ನೆರಡು ವರ್ಷದ ಹುಡುಗಿ ತಲೆ ಅಡ್ಡ ಆಡಿಸಿದರೆ ನಾಲ್ಕು ಊರು ಬಲ್ಲ ಬ್ಯಾಂಡ್ ಮಾಸ್ತರ ನಿಲ್ಲಿಸಿ ಮತ್ತೆ ಊದುತ್ತಿದ್ದ. ಅದಕ್ಕಿಂತ ದೊಡ್ಡ ಮಾನ ನನಗೆ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಹೀಗೆ ಬಾಯಲ್ಲಿ ಹೊತ್ತು ತಂದವಳಾದ್ದರಿಂದ ದೊಡ್ಡ ದೊಡ್ಡ ಹಾಡುಗಾರರ ಬಗ್ಗೆ ನನ್ನ ಅಭಿಪ್ರಾಯ ನನಗೆ ಇತ್ತು, ಈಗಲೂ ಇದೆ. ಹೆಸರು ನಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ನಾವೇ ಇಟ್ಟುಕೊಂಡಿದ್ದೆವು. ಒಬ್ಬ ನೆಗಡಿಯವ. ದೇಶವೇ ಅವನಿಗೆ ಕಣ್ಣೀರು ಹಾಕುತ್ತಿತ್ತಂತೆ, ನನಗೆ ಮಾತ್ರ ಅವನ ಮೂಗು ಒರೆಸಬೇಕು ಅನ್ನಿಸುತ್ತಿತ್ತು. ಆದರೆ ಅವನ ಧಾಟಿ ತರಲು ಸುಲಭ, ಚೆಲ್ಲುವುದಕ್ಕೆ ಅದರಲ್ಲಿ ಏನೂ ಇರುತ್ತಿರಲಿಲ್ಲ. ಒಬ್ಬಳು ಸೂಜಿಬಾಯಿ. ಅವಳು ಹತ್ತಿದ ಎತ್ತರಕ್ಕೆ ಅಪ್ಪನ ಕ್ಲಾರಿನೆಟ್ ಹತ್ತಿದರೆ ಕುದುರೆಯ ಮೇಲಿನ ಮದುಮಗ ಬೆಚ್ಚಿ ನೋಡುತ್ತಿದ್ದ. ಚಂದ ಹಾಡುತ್ತಾಳೆ, ಇಲ್ಲ ಅನ್ನುವುದಿಲ್ಲ, ಆದರೆ ಹಸಿವಾದವರು ಹಾಡಿದಂತೆ ಯಾವತ್ತೂ ಅನ್ನಿಸಲಿಲ್ಲ. ಇನ್ನೊಬ್ಬ ಬೆಣ್ಣೆಗಂಟಲಿನವ, ಅವನ ಹಾಡು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆಯೇ ಹೊರತು ಎಲ್ಲಿಯೂ ಕಾಲೂರುವುದಿಲ್ಲ, ಮೆರವಣಿಗೆಯ ಮಂದಿ ಯಾವ ಕಾಲು ಎತ್ತಿಡಬೇಕು ತಿಳಿಯದೆ ತಡವರಿಸುತ್ತಿದ್ದರು. ಆಯಿ ಅಂತೂ ಎಲ್ಲರನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: ಇವರು ಯಾರೂ ನಡೆಯುತ್ತ ಹಾಡಿದವರಲ್ಲ, ಕೂತು ಹಾಡಿದವರು. ಈಗಿನವರ ಬಗ್ಗೆ ಕೇಳಬೇಡಿ. ಈಗ ಯಂತ್ರ ಹಾಡುತ್ತದೆ, ಮನುಷ್ಯ ಕುಣಿಯುತ್ತಾನೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವ್ವ ನನ್ನನ್ನೂ ಜಿನ್ನಿಗೆ ಕರೆದುಕೊಂಡು ಹೋಗುವ ಮಾತು ಎತ್ತಿದಳು. ಬೆಳೆದ ಹುಡುಗಿ ಹೋಟೆಲಿನ ಎದುರು ನಿಲ್ಲುವುದು ಚಂದವಲ್ಲ, ಜಿನ್ನಿನಲ್ಲಿ ಕೈಗೆ ಕೆಲಸವಾದರೂ ಇರುತ್ತದೆ ಎಂದಳು. ಅಪ್ಪ ಬಹಳ ಹೊತ್ತು ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಪತ್ತಿಯನ್ನು ನಾಲಿಗೆಯಿಂದ ತೋಯಿಸುತ್ತ ಕೂತ. ಕ್ರಿಸ್‌ಮಸ್‌ಗಿಂತ ಮುಂಚೆ ರೈಲ್ವೆ ಕಾಲನಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದ. ಕೇಶ್ವಾಪುರದ ಆಚೆ ಇಂಗ್ಲಿಷ್ ಮಾತಾಡುವ ರೈಲ್ವೆ ಮಂದಿ ಇದ್ದರು. ಅವರಲ್ಲಿ ಒಬ್ಬ ಎಂಜಿನ್ ಡ್ರೈವರ್ ಸಾಹೇಬರ ಮಗಳ ಮದುವೆ ಅದು. ಅದು ಸರಿಹೋದರೆ ಅವರ ಕಾಲನಿಯ ಹಾಲ್‌ನಲ್ಲಿ ಪ್ರತಿ ಹಬ್ಬಕ್ಕೂ ಕುಣಿತಕ್ಕೆ ನಮ್ಮನ್ನೇ ಕರೆಯುತ್ತಾರೆ, ಆಗ ಇಂಗ್ಲಿಷ್ ಹಾಡು ತರಲು ಹುಡುಗಿ ಬೇಕೇ ಬೇಕು, ಅದೊಂದು ನೋಡೋಣ ಎಂದ. ಅವ್ವ ಆಯಿತು ಎಂದಳು. ಅಪ್ಪ ಇನ್ನೊಂದು ಸುದ್ದಿ ಹೇಳಿದ, ಆದರೆ ದನಿ ತಗ್ಗಿಸಿ ಹೇಳಿದ, ಯಾರಾದರೂ ಕೇಳಿಸಿಕೊಂಡು ಕಸಿದುಕೊಂಡಾರು ಎನ್ನುವ ಹಾಗೆ.

“ಕುರ್ಚಿ ಹಾಕ್ತಾರಂತ. ಹಾಲ್‌ನ್ಯಾಗ, ಒಳಗ.”

ಭರಮ ಕಾಕಾ ಮೊದಲು ನಂಬಲಿಲ್ಲ. ನಮ್ಮ ಬ್ಯಾಂಡಿನವರು ಅಲ್ಲಿಯವರೆಗೆ ಕುರ್ಚಿಯ ಮೇಲೆ ಕೂತು ಬಾರಿಸಿದವರಲ್ಲ. ಮದುವೆ ಮನೆಯಲ್ಲಿ ನಮ್ಮ ಜಾಗ ಹಂದರದ ಹೊರಗೆ, ಗಟಾರದ ಆಚೆ, ಬೇವಿನ ಗಿಡದ ಬುಡ. ಊಟ ಎಲ್ಲರದೂ ಆದ ಮೇಲೆ, ಎಲೆಗೆ ಮೇಲಿಂದ ಹಾಕುತ್ತಿದ್ದರು. ಬಡಿಸುವ ಕೈ ಎಷ್ಟು ಎತ್ತರದಲ್ಲಿರುತ್ತಿತ್ತು ಎಂದರೆ ಸಾರು ಸಿಡಿದು ಕೋಟಿನ ತೋಳಿಗೆ ಹಾರುತ್ತಿತ್ತು. ಕಾಕಾ ಆ ಕಲೆಗಳನ್ನು ತನ್ನ ಮೆಡಲ್ಲು ಎಂದು ತೋರಿಸುತ್ತಿದ್ದ. ಈಗ ಕುರ್ಚಿ ಎಂದರೆ ಒಂದು ಹೊಸ ತೊಂದರೆಯೂ ಬಂತು. ನಡೆಯುತ್ತ ಊದಿದ ಮಂದಿ ಕೂತು ಊದಿದರೆ ಹೊಟ್ಟೆ ಮಡಚಿ ಉಸಿರು ಹತ್ತುತ್ತಿರಲಿಲ್ಲ. ಅದಕ್ಕೆ ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳನ್ನು ಬೋರಲು ಹಾಕಿ ಸಾಲಾಗಿ ಕೂತು ರೂಢಿ ಮಾಡಿಕೊಂಡರು. ಅಪ್ಪ ಬೆನ್ನು ನೆಟ್ಟಗೆ ಇಟ್ಟು, ಮೊಣಕಾಲು ಕೂಡಿಸಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ಕೂಡುತ್ತಿದ್ದ. ಡಬ್ಬಿಗಳು ಡಬ್ ಡಬ್ ಎಂದಾಗಲೆಲ್ಲ ಆಯಿ ನಕ್ಕು ನಕ್ಕು ಅಡಿಕೆ ನೆತ್ತಿಗೇರಿಸಿಕೊಳ್ಳುತ್ತಿದ್ದಳು.

ಮದುಮಗಳ ಹೆಸರು ಡೋರೀನ್. ಅವಳಿಗೆ ಮೆಚ್ಚಿನ ಒಂದು ಹಾಡು ಇತ್ತು, ಅದನ್ನು ಬಾರಿಸಲೇಬೇಕು, ರೆಕಾರ್ಡು ಅವರ ಮನೆಯಲ್ಲಿದೆ, ಯಾರಾದರೂ ಬಂದು ಕೇಳಿಕೊಂಡು ಹೋಗಲಿ ಎಂದು ಹೇಳಿಕಳಿಸಿದರು. ನಾನು ಹೋದೆ. ಆ ಮನೆಯಲ್ಲಿ ಕೆಲಸಕ್ಕಿದ್ದ ಮರಿಯವ್ವ ನಮ್ಮ ಕನ್ನಡದವಳೇ. ಅವಳು ನನ್ನನ್ನು ಹಿಂದಿನ ಬಾಗಿಲಿನಿಂದ ಕರೆದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂಡಿಸಿದಳು. ಬೆಣ್ಣೆ, ಮೊಟ್ಟೆ, ಇದ್ದಿಲು ಕೂಡಿದ ಒಂದು ವಾಸನೆ ಅಲ್ಲಿತ್ತು. ನಡುವೆ ಹೂವಿನ ಪರದೆ, ಅದರ ಆಚೆ ಮುಂದಿನ ಕೋಣೆಯಲ್ಲಿ ರೆಕಾರ್ಡಿನ ಪೆಟ್ಟಿಗೆ. ನನಗೆ ಕಂಡದ್ದು ಪರದೆಯ ಕೆಳಗೆ ಡೋರೀನಳ ಬಿಳಿ ಚಪ್ಪಲಿ ಹಾಕಿದ ಎರಡು ಪಾದ ಅಷ್ಟೇ. ಮರಿಯವ್ವ ರೆಕಾರ್ಡಿನ ರಟ್ಟಿನ ಕವರು ತಂದು ತೋರಿಸಿದಳು. ವಿಲಾಯತಿಯ ಹುಡುಗರು, ಬಿಗಿ ಪ್ಯಾಂಟು, ಚೂಪು ಬೂಟು, ಎಲ್ಲರೂ ಒಂದೇ ಕಡೆ ನೋಡಿ ಹಲ್ಲು ಬಿಟ್ಟಿದ್ದರು. ಜಗತ್ತೆಲ್ಲ ಇವರಿಗೆ ಹುಚ್ಚಾಗಿದೆಯಂತೆ ಎಂದಳು. ನನಗೆ ಉದ್ದ ಕಟ್ಟಿಗೆಯಂತಹ ಕಾಲು ಬಿಟ್ಟು ಬೇರೆ ಏನೂ ಕಾಣಲಿಲ್ಲ.

ಹಾಡು ಹತ್ತಿತು. ಮೊದಲು ಸರಿಯಾಗಿಯೇ ಇತ್ತು. ಕಾಲು ಕುಣಿಸುವ ಧಾಟಿ, ಹುಡುಗರು ಓಡುತ್ತ ಹಾಡಿದಂತೆ. ಆಯಿ ಕೇಳಿದ್ದರೆ ಇವರು ನಡೆದವರು ಎನ್ನುತ್ತಿದ್ದಳು. ಆಮೇಲೆ ಒಂದು ಕಡೆ ಒಂದು ತುಣುಕನ್ನೇ ಹಿಡಿದುಕೊಂಡು ಮತ್ತೆ ಮತ್ತೆ ಅದನ್ನೇ ಹಾಡತೊಡಗಿದರು. ಪಾದಗಳು ಪೆಟ್ಟಿಗೆಯ ಕಡೆ ಹೋದವು, ಕಚಕ್ ಎಂದಿತು, ಹಾಡು ಮುಂದಕ್ಕೆ ಹಾರಿತು. ಎರಡನೇ ಸಲ ಹಚ್ಚಿದಾಗ ಆ ತುಣುಕು ಮೊದಲಿಗಿಂತ ಹೆಚ್ಚು ಸಲ ಬಂತು. ಇದೇನಿದು ಎಂದು ನನ್ನ ತಲೆಯಲ್ಲಿ ಬಂದದ್ದು ನಿಜ. ಆದರೆ ಕೇಳುವುದು ಹೇಗೆ? ಬಾಯಲ್ಲಿ ಹಾಡು ಇತ್ತು. ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಿದರೆ ಇಡೀ ಹಾಡು ಆ ಮೆಟ್ಟಿಲ ಮೇಲೇ ಚೆಲ್ಲುತ್ತಿತ್ತು. ಮರಿಯವ್ವ ನನ್ನ ಕೈಗೆ ಕೇಕಿನ ಚೂರು ಕೊಟ್ಟು, ತಿಳೀತೇನ ಎಂದಳು, ತಲೆ ಅಲ್ಲಾಡಿಸಿದೆ. ಆ ಮನೆಯವರಿಗೆ ಮುಳ್ಳು ಸಿಕ್ಕಿಕೊಳ್ಳುತ್ತಿದ್ದ ರೆಕಾರ್ಡಿನ ಗೀರು ಕಿವಿಗೇ ಬೀಳುತ್ತಿರಲಿಲ್ಲ, ದಿನಾ ಕೇಳಿ ಕೇಳಿ ಅದು ಅವರಿಗೆ ಹಾಡೇ ಆಗಿತ್ತು. ಇದು ನನಗೆ ತಿಳಿದದ್ದು ಆಮೇಲೆ. ಆಗ ದಾರಿಯುದ್ದಕ್ಕೂ ನಾನು ಅಂದುಕೊಂಡದ್ದು ಒಂದೇ: ಎಷ್ಟು ಹೆಸರು ಮಾಡಿದರೇನು, ಈ ಹುಡುಗರ ಬಳಿ ಸರಕು ಇಲ್ಲ, ಅದಕ್ಕೇ ಒಂದನ್ನೇ ಹತ್ತು ಸಲ ಹೇಳುತ್ತಾರೆ. ಕೇಕನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ತಂದೆ. ಮನೆಗೆ ಬರುವಷ್ಟರಲ್ಲಿ ಅದು ಬೆವರಿಗೆ ಹಿಟ್ಟಾಗಿತ್ತು.

ಹೊಸ್ತಿಲ ಮೇಲೆ ನಿಂತು ಹಾಡಿದೆ, ತುಣುಕನ್ನೂ ಹಾಡಿದೆ, ಬಾಯಿಂದ ಕಚಕ್ ಎಂದೂ ಮಾಡಿ ತೋರಿಸಿದೆ. ಭರಮ ಕಾಕಾ ಹಿಗ್ಗಿ ಹೋದ. ಇಂಗ್ಲಿಷಿನವರು ಡ್ರಮ್ಮಿನವನಿಗೂ ಒಂದು ಮಾತು ಇಟ್ಟಿದ್ದಾರೆ ನೋಡು ಎಂದು ಸಣ್ಣ ಡ್ರಮ್ಮಿನ ಅಂಚಿಗೆ ಕಡ್ಡಿ ತಾಕಿಸಿ ಕಚಕ್ ಹುಡುಕಿಕೊಂಡ, ಸಿಕ್ಕಿದ ಮೇಲೆ ದಿನವೆಲ್ಲ ಅದನ್ನೇ ಮಾಡಿದ. ಅಪ್ಪನೂ ಆ ಜಾಗವನ್ನು ಚಂದ ಮಾಡಿದ. ಪ್ರತಿ ಸಲ ಸ್ವಲ್ಪ ದನಿ ಏರಿಸುತ್ತ ಹೋಗಿ ಕೊನೆಗೆ ಬಿಟ್ಟುಕೊಡುತ್ತಿದ್ದ. ಎಲ್ಲರೂ ಡಬ್ಬಿಗಳ ಮೇಲೆ ಕೂತು ಒಟ್ಟಿಗೆ ಬಾರಿಸಿದಾಗ ನನಗೇ ಮೈ ನವಿರೆದ್ದಿತು. ಆಯಿ ಒಬ್ಬಳು ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

“ಹಾಡು ಹಿಂಗ ಸಿಕ್ಕೋಳೂದಿಲ್ಲ ಬೇ ಚಂದ್ರಿ. ಎತ್ತು ಕೆಸರಾಗ ನಿಂತಂಗ ಆಗೇತಿ. ಇನ್ನೊಮ್ಮೆ ಹೋಗಿ ಕೇಳಿ ಬಾ.”

“ವಿಲಾಯತಿ ಹಾಡು ಹಂಗ ಇರ್ತಾವು ಆಯಿ. ನಿನಗೇನ ತಿಳೀತೈತಿ ಸನಾದಿ ಬಿಟ್ರ?” ಎಂದೆ.

ಅಪ್ಪ ನನ್ನ ಮುಖ ನೋಡಿದ. ನಾನು ತಲೆ ಅಡ್ಡ ಆಡಿಸಲಿಲ್ಲ. ಅಪ್ಪನಿಗೆ ಅಷ್ಟು ಸಾಕಾಗಿತ್ತು.

ಮದುವೆಯ ದಿನ ಹಿತ್ತಾಳೆಯನ್ನು ಎಂದಿಗಿಂತ ಹೆಚ್ಚು ತಿಕ್ಕಿದೆವು. ನನಗೆ ಕೆಲಸವಿರಲಿಲ್ಲ, ಆದರೂ ಅಪ್ಪ ಕರೆದುಕೊಂಡು ಹೋದ. ಹಾಡು ತಂದವಳು ಹಾಡು ಕೇಳಲಿ ಎಂದ. ಮಧ್ಯಾಹ್ನ ಚರ್ಚಿನಿಂದ ಎಲ್ಲರೂ ಕಾಲನಿಯ ಹಾಲಿಗೆ ಬಂದರು. ಬಣ್ಣದ ಕಾಗದದ ಮಾಲೆ, ಉದ್ದನೆಯ ಮೇಜಿನ ಮೇಲೆ ಮೂರು ಅಂತಸ್ತಿನ ಕೇಕು, ನೆಲಕ್ಕೆ ಕುಣಿಯಲೆಂದು ಬಿಳಿ ಪುಡಿ. ಒಂದು ಮೂಲೆಯಲ್ಲಿ ಸಾಲು ಕುರ್ಚಿ, ಬೆತ್ತದವು, ಕೈ ಇದ್ದವು. ಡ್ರೈವರ್ ಸಾಹೇಬರು ತಾವೇ ಬಂದು ಬೈಠೋ ಮಾಸ್ತರ್ ಎಂದರು. ಅಪ್ಪ ಕೂಡುವ ಮೊದಲು ಕೋಟಿನ ಹಿಂಬದಿಯನ್ನು ಕೈಯಿಂದ ಜಾಡಿಸಿಕೊಂಡ. ಕುರ್ಚಿಯನ್ನಲ್ಲ, ತನ್ನನ್ನು. ಅದು ಇನ್ನೂ ನನ್ನ ಕಣ್ಣಲ್ಲಿದೆ. ನಾನು ಕಿಟಕಿಯ ಹೊರಗೆ ಮರಿಯವ್ವನ ಪಕ್ಕ ನಿಂತಿದ್ದೆ.

ಮೊದಲೆರಡು ಹಾಡು ಚಂದ ಆದವು. ಜನ ಜೋಡಿಯಾಗಿ ಕುಣಿದರು, ಚಪ್ಪಾಳೆ ತಟ್ಟಿದರು. ಆಮೇಲೆ ಡೋರೀನಳ ಹಾಡು. ಧಾಟಿ ಹತ್ತಿದ ಕೂಡಲೇ ಹಾಲೆಲ್ಲ ಹೋ ಎಂದಿತು, ಮದುಮಕ್ಕಳು ನಡುವೆ ಬಂದರು. ಸಿಕ್ಕಿಕೊಳ್ಳುವ ಜಾಗ ಬಂತು. ಅಪ್ಪ ಕಣ್ಣು ಮುಚ್ಚಿ ಊದುತ್ತಿದ್ದ, ಯಾವಾಗಲೂ ಹಾಗೆಯೇ. ಒಂದು ಸಲ, ಎರಡು ಸಲ, ಮತ್ತೆ ಅದೇ. ಕುಣಿಯುವವರ ಕಾಲು ತೊಡರಿದವು, ಒಬ್ಬರ ಮುಖ ಒಬ್ಬರು ನೋಡಿದರು. ಭರಮ ಕಾಕಾ ಬಹಳ ಪ್ರೀತಿಯಿಂದ ಕಚಕ್ ಎಂದ. ಹಾಲಿನ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪ ಕಣ್ಣು ತೆರೆಯಲಿಲ್ಲ. ಅವನು ಆ ನಗೆಯನ್ನು ಖುಷಿ ಎಂದು ತಿಳಿದ. ಜನಕ್ಕೆ ಮೆಚ್ಚಿಗೆಯಾದ ಜಾಗವನ್ನು ಎರಡನೇ ಸಲ ಉದ್ದ ಮಾಡುವುದು ಬ್ಯಾಂಡಿನವರ ಪದ್ಧತಿ. ಎರಡನೇ ಸಲ ಇನ್ನೂ ಉದ್ದ ಮಾಡಿದ, ಇನ್ನೂ ಚಂದ ಮಾಡಿದ, ದನಿಯನ್ನು ಸೂರಿಗೆ ಮುಟ್ಟಿಸಿದ. ಹುಡುಗರು ಕಚಕ್ ಬಂದಾಗ ಎಲ್ಲರೂ ಕೂಡಿ ಬೂಟು ಕುಟ್ಟಿದರು. ಒಬ್ಬ ತರುಣ ಕುಣಿಯುತ್ತ ಅಪ್ಪನ ಮುಂದೆ ಬಂದು, ರೆಕಾರ್ಡಿನ ಮುಳ್ಳನ್ನು ಎತ್ತಿ ಮುಂದೆ ಇಡುವವನ ಹಾಗೆ, ಎರಡು ಬೆರಳಿನಿಂದ ಕ್ಲಾರಿನೆಟ್ಟಿನ ತುದಿಯನ್ನು ಹಿಡಿದು ಮೆಲ್ಲಗೆ ಎತ್ತಿದ.

ಅಪ್ಪ ಕಣ್ಣು ತೆರೆದ. ಆ ಬೆರಳುಗಳನ್ನು ನೋಡಿದ. ಆಮೇಲೆ ಕಿಟಕಿಯ ಕಡೆ, ನನ್ನನ್ನು ನೋಡಿದ. ನನಗೂ ಅದೇ ಕ್ಷಣಕ್ಕೆ ತಿಳಿಯಿತು. ಪರದೆಯ ಕೆಳಗಿನ ಪಾದಗಳು ಪೆಟ್ಟಿಗೆಯ ಕಡೆ ಯಾಕೆ ಹೋಗಿದ್ದವು ಎಂದು ತಿಳಿಯಿತು. ನೆಲ ಬಿರಿಯಲಿ ಅನ್ನುತ್ತಾರಲ್ಲ, ನನಗೆ ಅಷ್ಟು ದೊಡ್ಡದೇನೂ ಬೇಡವಾಗಿತ್ತು. ಅಪ್ಪ ಬೇರೆ ಕಡೆ ನೋಡಿದರೆ ಸಾಕಿತ್ತು. ಅವನು ಎದ್ದ. ಅವನು ಎದ್ದದ್ದಕ್ಕೆ ಎಲ್ಲರೂ ಎದ್ದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಸದ್ದಾಗದಂತೆ ಸಾಲಿನಲ್ಲಿ ಹೊರಗೆ ಬಂದು ಅಂಗಳದ ಬೇವಿನ ಗಿಡದ ಕೆಳಗೆ ನಿಂತರು. ಯಾರೂ ಹೊರಗೆ ಹೋಗಿ ಎಂದಿರಲಿಲ್ಲ.

ಡ್ರೈವರ್ ಸಾಹೇಬರು ಹಿಂದೆಯೇ ಬಂದು ಒಳಗೆ ಬನ್ನಿ ಎಂದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದನ್ನೂ ಹೇಳಬೇಕು. ಅಪ್ಪ ತಲೆ ಎತ್ತಲಿಲ್ಲ.

“ನಮಗ ನಿಂತು ಊದಿ ರೂಢಿರೀ ಸಾಹೇಬ್ರ.”

ಆಮೇಲೆ ಡೋರೀನ್ ಬಂದಳು. ಬಿಳಿ ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು, ನಗುತ್ತಿದ್ದಳು, ಕಣ್ಣಿನಿಂದ ನೀರು ಇಳಿದು ಪೌಡರಿನಲ್ಲಿ ಗೆರೆ ಬಿದ್ದಿತ್ತು. ಅದೇ ಹಾಡು ಮತ್ತೆ ಬಾರಿಸಿ, ಹಾಗೆಯೇ ಬಾರಿಸಿ, ಏನೂ ಬಿಡಬೇಡಿ ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದಳು. ಕೇಳಿಕೊಂಡಳು ಎನ್ನಬೇಕು. ಅಪ್ಪ ಅದನ್ನು ಅಪಹಾಸ್ಯ ಎಂದು ತಿಳಿದ. ನಾವೆಲ್ಲರೂ ಹಾಗೆಯೇ ತಿಳಿದೆವು. ಮರಿಯವ್ವ ಅಂಗಳಕ್ಕೆ ಓಡಿ ಬಂದು ಅಪ್ಪನ ಹತ್ತಿರ ನಿಂತಳು.

“ಯಣ್ಣಾ, ಆಕಿ ಚ್ಯಾಷ್ಟಿ ಮಾಡಾಕತ್ತಿಲ್ಲೋ. ನಾಡಿದ್ದು ಗಂಡನ ಕೂಡ ದೂರ ಹೊಂಟಾಳ. ಆ ಗೀರು ಆಕಿ ಮನಿದು. ಆ ರೆಕಾರ್ಡ ಮನಿಗೆ ಬಂದಾಗಿಂದ ದಿನಾ ಹಂಗ ಕೇಳ್ಯಾಳ.”

ಅಪ್ಪ ನಮ್ಮವರ ಕಡೆ ತಿರುಗಿದ. ಗಿರಾಕಿ ಕೇಳಿದ್ದನ್ನು ಬಾರಿಸಬೇಕು ಎಂದು ನಮ್ಮವರಿಗೆ ಅಷ್ಟೇ ಹೇಳಿದ. ಬಾರಿಸಿದರು. ಬೇವಿನ ಕೆಳಗೆ ನಿಂತು, ನೆಲ ನೋಡುತ್ತ, ಸಿಕ್ಕಿಕೊಳ್ಳುವ ಜಾಗವನ್ನು ಒಂದು ಸ್ವರ ಬಿಡದೆ ಬಾರಿಸಿದರು. ಭರಮ ಕಾಕಾ ಕಚಕ್ ಮಾಡಿದ, ಆದರೆ ಕಡ್ಡಿ ಹೆಣದ ಕೈಯಲ್ಲಿ ಇದ್ದಂತಿತ್ತು. ಡೋರೀನ್ ಅಂಗಳದಲ್ಲಿ ಒಬ್ಬಳೇ ನಿಂತು ಕೇಳಿದಳು. ಕುಣಿಯಲಿಲ್ಲ. ಮುಗಿದ ಮೇಲೆ ಅಪ್ಪನ ಕೈ ಹಿಡಿಯಲು ಮುಂದೆ ಬಂದಳು. ಅಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹಿಂದೆ ಸರಿದ. ಕೇಕನ್ನು ಹೊರಗೆ ಕಳಿಸಿದರು, ತಾಟಿನಲ್ಲಿ, ಒಳಗಿನವರಿಗೆ ಕೊಟ್ಟಂತಹ ತಾಟಿನಲ್ಲೇ. ನಮ್ಮಲ್ಲಿ ಯಾರೂ ಮುಟ್ಟಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ನಡೆದೆವು. ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು, ಬೈಗುಳ ಒಂದು ದಿನಕ್ಕೆ ಮುಗಿಯುತ್ತದೆ. ಭರಮ ಕಾಕಾ ದಾರಿಯಲ್ಲಿ ಡ್ರಮ್ಮಿನ ಮೇಲೆ ಬೆರಳು ಕೂಡ ಇಡಲಿಲ್ಲ. ಮನೆಯಲ್ಲಿ ಆಯಿ ನಮ್ಮ ಮುಖ ನೋಡಿದಳು, ಸಾಲಾಗಿ ಬೋರಲು ಬಿದ್ದಿದ್ದ ಡಬ್ಬಿಗಳನ್ನು ಒಂದೊಂದೇ ಎತ್ತಿ ಹಿತ್ತಲಿಗೆ ಒಯ್ದಳು. ನಾನು ಹೇಳಿರಲಿಲ್ಲವೇ ಎಂದು ಅವಳು ಸಾಯುವ ತನಕ ಒಮ್ಮೆಯೂ ಅನ್ನಲಿಲ್ಲ. ಅವಳ ಬಾಯಿಗೆ ಅದು ಬಹಳ ಕಷ್ಟದ ಕೆಲಸವಾಗಿದ್ದಿರಬೇಕು. ರೈಲ್ವೆ ಕಾಲನಿಯಿಂದ ಹಬ್ಬಕ್ಕೆ ಕರೆ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ, ಅಪ್ಪ ಹೋಗಲಿಲ್ಲ. ಆ ಮಂದಿ ಒಬ್ಬೊಬ್ಬರಾಗಿ ಸಮುದ್ರ ದಾಟಿದರು. ಮರಿಯವ್ವ ತೀರಿಕೊಂಡಳು, ಕಾಕಾ ತೀರಿಕೊಂಡ, ಕ್ಲಾರಿನೆಟ್ಟಿನ ಬುಡಕ್ಕೆ ಹುಳ ಬಿದ್ದಿತು. ಅಪ್ಪ ಆ ಮದುವೆಯ ಮೇಲೂ ಎಷ್ಟೋ ವರ್ಷ ಊದಿದ, ಮದುವೆ ಮನೆಯವರೇ ಕುರ್ಚಿ ಕೊಡುವ ಕಾಲವೂ ಬಂತು, ಅವನು ಕೂಡಲಿಲ್ಲ. ಮೊಣಕಾಲು ನೋವು ಎಂದರೂ ಕೂಡಲಿಲ್ಲ. ಮರಿಯವ್ವ ಹೇಳಿದ್ದು ಖರೆ ಎಂದು ನನಗೆ ಹೊಳೆದದ್ದು ನನ್ನ ಮಗಳು ಗಂಡನ ಮನೆಗೆ ಹೊರಟ ದಿನ. ಅಷ್ಟರಲ್ಲಿ ಅದನ್ನು ಹೇಳಲು ಅಪ್ಪ ಇರಲಿಲ್ಲ. ಆ ವಿಲಾಯತಿ ಹುಡುಗರ ಬಗ್ಗೆ ನನ್ನ ಅಭಿಪ್ರಾಯ ಈಗ ಕೇಳಿದರೆ, ಹೋದ ತಿಂಗಳು ಮೊದಲ ಬಾರಿ ಪೂರ್ತಿ ಕೇಳಿದೆ: ಸರಕು ಇದ್ದವರೇ. ಆದರೆ ಅವರ ಹಾಡು ಬೇಗ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಬಾರಿಸಿದ್ದು ಉದ್ದ ಇತ್ತು, ಅದನ್ನು ಬಲ್ಲವರು ಈಗ ನಾನೊಬ್ಬಳೇ. ಡೋರೀನ್ ಎಲ್ಲಿಯಾದರೂ ಬದುಕಿದ್ದರೆ, ಇಬ್ಬರು.

ಮರುದಿನ ಮುಂಜಾನೆ ಯಾರೂ ನನಗೆ ಹೋಟೆಲಿಗೆ ಹೋಗು ಎನ್ನಲಿಲ್ಲ, ಹೋಗಬೇಡ ಎಂದೂ ಎನ್ನಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಚ್ಚರವಿದ್ದ, ಬೆನ್ನು ನೋಡಿದರೆ ತಿಳಿಯುತ್ತಿತ್ತು. ಅವ್ವ ರೊಟ್ಟಿ ಕಟ್ಟಿಕೊಂಡು ಜಿನ್ನಿಗೆ ಹೊರಟಾಗ ನಾನೂ ಒಂದು ಹಳೆಯ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಅವಳ ಹಿಂದೆ ಹೊರಟೆ. ಅವಳು ತಿರುಗಿ ನೋಡಿ ಮುಂದೆ ನಡೆದಳು. ಹೋಟೆಲಿನ ಮುಂದೆಯೇ ದಾರಿ. ರೇಡಿಯೋ ಹಚ್ಚಿದ್ದರು, ನೆಗಡಿಯವ ಹೊಸದೇನೋ ಹಾಡುತ್ತಿದ್ದ. ನಾನು ತಲೆಯ ಬಟ್ಟೆಯನ್ನು ಕಿವಿಯ ಮೇಲೆ ಎಳೆದುಕೊಂಡು ದಾಟಿದೆ. ಅರ್ಧ ದಾರಿಯಲ್ಲಿ ಅವ್ವ ರೊಟ್ಟಿಯ ಗಂಟನ್ನು ಸ್ವಲ್ಪ ಹೊತ್ತು ಹಿಡಿದುಕೋ ಎಂದಳು. ಉತ್ತರ ಕೊಡದೆ ತೆಗೆದುಕೊಂಡೆ. ಮತ್ತೇನೋ ಕೇಳಿದಳು, ತಲೆ ಅಲ್ಲಾಡಿಸಿದೆ.

“ಯಾಕ, ಬಾಯಾಗ ಏನರ ಐತೇನು?” ಎಂದಳು ಅವ್ವ.

ಏನೂ ಇರಲಿಲ್ಲ. ಆದರೂ ಜಿನ್ನಿನ ಬಾಗಿಲ ತನಕ ನಾನು ಬಾಯಿ ಮುಚ್ಚಿಕೊಂಡೇ ನಡೆದೆ.